ಡಿಗ್ರಿ ಯಶೋದಮ್ಮನ ಮನೆಯ ಮರದ ನೆಲ

ನಮ್ಮೂರಲ್ಲಿ ಯಶೋದಮ್ಮ ಅನ್ನುವ ಹೆಸರಿನವರು ನಾಲ್ಕು ಜನ ಇದ್ದಾರೆ. ಡಿಗ್ರಿ ಯಶೋದಮ್ಮ ಮಾತ್ರ ಒಬ್ಬರೇ. ಅವರು ಓದಿ ಡಿಗ್ರಿ ಪಡೆದವರಲ್ಲ, ಏಳನೇ ಕ್ಲಾಸಿಗೆ ಶಾಲೆ ಬಿಟ್ಟವರು. ಸೋಮನಹಳ್ಳಿಯ ಹೈವೇಯಿಂದ ಎರಡು ಕಿಲೋಮೀಟರು ಒಳಗಿರುವ ನಮ್ಮೂರಿನ ಮಹಿಳಾ ಡೇರಿಯಲ್ಲಿ ಇಪ್ಪತ್ತಾರು ವರ್ಷದಿಂದ ಹಾಲು ಪರೀಕ್ಷೆ ಮಾಡುತ್ತಿರುವವರು ಅವರು. ಹಾಲಿಗೆ ಲ್ಯಾಕ್ಟೋಮೀಟರ್ ಬಿಟ್ಟು, ಕಣ್ಣು ಕಿರಿದು ಮಾಡಿ ನೋಡಿ, "ಡಿಗ್ರಿ ಬರ್ನಿಲ್ಲ, ತಕ್ಕಂಡೋಗು" ಅಂದರೆ ಮುಗಿಯಿತು. ಅತ್ತರೂ ಬೈದರೂ ಆ ಹಾಲು ಕ್ಯಾನಿಗೆ ಬೀಳುತ್ತಿರಲಿಲ್ಲ. ಈಗ ಡೇರಿಗೆ ಮಿಷನ್ನು ಬಂದಿದೆ, ತೊಟ್ಟು ಹಾಲು ಬಿಟ್ಟರೆ ಎಲ್ಲವನ್ನೂ ಅದೇ ಹೇಳುತ್ತದೆ. ಆದರೂ ಮಿಷನ್ನಿಗಿಂತ ಮೊದಲು ಯಶೋದಮ್ಮ ಮೂಸಿ ನೋಡುತ್ತಾರೆ. ಮಿಷನ್ನಿನ ಮೇಲೂ ಅವರಿಗೆ ಪೂರ್ತಿ ನಂಬಿಕೆಯಿಲ್ಲ.

ನಾನು ಅವರ ಎದುರು ಮನೆಯವನು. ಒಂದು ದಿನ ಅವರ ಗಂಡ ಬೋರಯ್ಯನವರು ಬಿಂದಿಗೆ ತೊಳೆದ ನೀರನ್ನು ಸರಿಯಾಗಿ ಚೆಲ್ಲದೆ ಅದರಲ್ಲೇ ಹಾಲು ಕರೆದು ಡೇರಿಗೆ ತಂದಿದ್ದರು. ಇಡೀ ಸಾಲು ನೋಡುತ್ತಿರುವಾಗಲೇ ಯಶೋದಮ್ಮ ತಮ್ಮ ಮನೆಯ ಹಾಲನ್ನೇ ವಾಪಸು ಕಳಿಸಿದರು. ಬೋರಯ್ಯನವರು ತುಟಿಪಿಟಕ್ಕೆನ್ನದೆ ಬಿಂದಿಗೆ ಹೊತ್ತು ಬೀದಿಯಲ್ಲಿ ಹಿಂದಕ್ಕೆ ನಡೆದದ್ದು ನನಗೆ ಈಗಲೂ ನೆನಪಿದೆ. ಕಬ್ಬು, ಎರಡು ಹಸು, ಬೀಡಿ, ಇಷ್ಟರಲ್ಲಿ ಬದುಕುವ ಮನುಷ್ಯ ಅವರು. ಹೆಂಡತಿಯ ಜೊತೆ ವಾದ ಮಾಡಿದ್ದನ್ನು ಊರಲ್ಲಿ ಯಾರೂ ಕೇಳಿಲ್ಲ.

ಇಪ್ಪತ್ತಾರು ವರ್ಷ ದಿನಕ್ಕೆ ಎರಡು ಹೊತ್ತು ಬೇರೆಯವರ ಹಾಲಲ್ಲಿ ನೀರು ಹುಡುಕಿದ ಕಣ್ಣು ಮನೆಗೆ ಬಂದ ಮೇಲೆ ಸುಮ್ಮನಿರುತ್ತದೆಯೇ? ಔಷಧಿ ಅಂಗಡಿಯವನು ಕೊಟ್ಟ ಮಾತ್ರೆಯ ತಾರೀಕನ್ನು ಇಬ್ಬರಿಂದ ಓದಿಸುತ್ತಿದ್ದರು. ಕರೆಂಟು ಬಿಲ್ಲಿನವನು ಬಂದರೆ ಮೀಟರಿನ ಕೆಳಗೆ ಅವನ ಪಕ್ಕದಲ್ಲೇ ನಿಲ್ಲುತ್ತಿದ್ದರು. ಮಗ ಯತೀಶನಿಗೆ ಮಳವಳ್ಳಿ ಕಡೆಯ ಬೆಳಕವಾಡಿಯಿಂದ ಹೆಣ್ಣು ಬಂದಾಗ, ಯಾರಿಗೂ ಹೇಳದೆ ಬಸ್ಸು ಹತ್ತಿ ಆ ಊರಿಗೆ ಹೋಗಿ, ಟೀ ಅಂಗಡಿಯ ಬೆಂಚಿನ ಮೇಲೆ ಎರಡು ಗಂಟೆ ಕೂತು ಹೆಣ್ಣಿನ ಮನೆಯ ಬಗ್ಗೆ ವಿಚಾರಿಸಿಕೊಂಡು ಬಂದರು. ಹೆಣ್ಣಿನ ಹೆಸರು ದೀಪಿಕ. ಭರತನಾಟ್ಯ ಕಲಿತವಳು, ಮಕ್ಕಳಿಗೆ ಕಲಿಸುವವಳು. ಹೆಣ್ಣು ನೋಡಲು ಹೋದ ದಿನ ಯಶೋದಮ್ಮ ಕೇಳಿದ್ದು ಒಂದೇ ಮಾತು: "ಮದ್ವೆ ಆದ್ಮೇಲೂ ಕುಣೀತೀಯಾ?"

ದೀಪಿಕ ತಲೆ ತಗ್ಗಿಸಲಿಲ್ಲ. "ಹೂಂ ಅತ್ತೆ. ನಿಮ್ಗೆ ಡೇರಿ ಹೆಂಗೋ ನಂಗೆ ಅದು ಹಂಗೆ" ಅಂದಳು.

ಆ ಉತ್ತರ ಯಶೋದಮ್ಮನಿಗೆ ಹಿಡಿಸಿತು. ಹಿಡಿಸಿತು ಅಂತ ಯಾರ ಮುಂದೆಯೂ ಹೇಳಲಿಲ್ಲ, ಮದುವೆಗೆ ಒಪ್ಪಿಕೊಂಡರು ಅಷ್ಟೆ.

ಮದುವೆಯಾಗಿ ಮೂರು ವರ್ಷ ಎಲ್ಲ ಸರಿಯಾಗಿಯೇ ಇತ್ತು. ಯತೀಶ ಗೆಜ್ಜಲಗೆರೆಯ ಒಂದು ಕಂಪನಿಯ ಪ್ಯಾಕಿಂಗ್ ಸೆಕ್ಷನ್ನಿನಲ್ಲಿದ್ದ. ಯಂತ್ರಗಳನ್ನು ಇಟ್ಟು ಕಳಿಸುವುದಕ್ಕೆ ಮರದ ದೊಡ್ಡ ಪೆಟ್ಟಿಗೆ ಮಾಡುವುದು ಅವನ ಕೆಲಸ. ದೀಪಿಕ ವಾರಕ್ಕೆ ಮೂರು ದಿನ ಸ್ಕೂಟರಿನಲ್ಲಿ ಹೋಗಿ ಪಾಠ ಮಾಡುತ್ತಿದ್ದಳು. ಬುಧವಾರ ಮಳವಳ್ಳಿ, ಶನಿವಾರ ಮದ್ದೂರು, ಭಾನುವಾರ ತವರೂರು ಬೆಳಕವಾಡಿ.

ಕಳೆದ ವರ್ಷ ಮುಂಗಾರು ಹಿಡಿಯುವ ಹೊತ್ತಿಗೆ ಒಂದು ಸಂಜೆ ಡೇರಿಯಲ್ಲಿ ಚಲುವಮ್ಮ ಒಂದು ಮಾತು ಆಡಿದಳು. ಈ ಚಲುವಮ್ಮನ ಹಾಲು ಹಿಂದೆ ಹಲವು ಸಲ ವಾಪಸಾಗಿತ್ತು. ಅವಳು ಬಿಂದಿಗೆ ಕೆಳಗಿಟ್ಟು, ಸುತ್ತಲಿನವರಿಗೂ ಕೇಳುವ ಹಾಗೆ ಅಂದಳು:

"ಯಸೋದಕ್ಕ, ನಿನ್ ಮಗ ದಿನಾ ಬೈಕಲ್ಲಿ ಗೋಣಿಚೀಲ ಸುತ್ಕಂಡು ಮರ ತತ್ತವ್ನಲ್ಲ, ಯಾತುಕ್ಕೆ? ಮನೆ ಕಟ್ಟುಸ್ತಿದ್ದೀರಾ?"

"ಯಾವ್ ಮರ?"

"ನಂಗೇನ್ ಗೊತ್ತು. ನೀನ್ ಇತ್ಲಾಗೆ ಡೇರಿಗೆ ಬತ್ತೀಯ, ಅಂವ ಅತ್ಲಾಗೆ ಮನೆಗೆ ಬತ್ತಾನೆ. ನಿಮ್ ಮನೆ ಇಚಾರ ನಮಿಗ್ಯಾಕೆ ಬುಡು."

ಯಶೋದಮ್ಮ ಚಲುವಮ್ಮನ ಹಾಲನ್ನು ಎರಡು ಸಲ ಪರೀಕ್ಷೆ ಮಾಡಿದರು. ಹಾಲು ಚೆನ್ನಾಗಿಯೇ ಇತ್ತು. ಅವತ್ತು ಅದೂ ಅವರಿಗೆ ಸಮಾಧಾನ ತರಲಿಲ್ಲ.

ಮನೆಗೆ ಬಂದು ನೋಡಿದರೆ ಯತೀಶ ಸ್ನಾನ ಮಾಡಿ ಟಿವಿ ಮುಂದೆ ಕೂತಿದ್ದ. ಬೈಕು ಒರೆಸಿ ನಿಲ್ಲಿಸಿತ್ತು. ಊಟಕ್ಕೆ ಕೂತಾಗ ಅವನ ಕಿವಿಯ ಹಿಂದೆ ಮರದ ಹೊಟ್ಟು ಅಂಟಿಕೊಂಡಿದ್ದು ಕಂಡಿತು.

"ಅದೇನ್ಲಾ ಕಿವೀಲಿ?"

"ಕಂಪ್ನಿ ಧೂಳು ಕಣವ್ವ" ಅಂದ ಯತೀಶ.

ಕಂಪನಿಯಲ್ಲಿ ಕಿವಿ ಮುಚ್ಚುವ ಟೋಪಿ ಕೊಡುತ್ತಾರೆಂದು ಅವನೇ ಹಿಂದೆ ಹೇಳಿದ್ದು ಯಶೋದಮ್ಮನಿಗೆ ನೆನಪಿತ್ತು. ಅವರು ಅನ್ನಕ್ಕೆ ಸಾರು ಬಿಟ್ಟುಕೊಂಡರು.

ಮಾರನೆಯ ದಿನದಿಂದ ಅವರ ಕಣ್ಣಿಗೆ ಒಂದೊಂದೇ ಬೀಳತೊಡಗಿತು. ಕೊಟ್ಟಿಗೆಯ ಹಿಂದೆ ಶೀಟು ಹೊದಿಸಿದ ಒಂದು ಶೆಡ್ಡು ಇತ್ತು. ಬೂಸಾ ಮೂಟೆ, ಮಂಕರಿ, ಹಳೆಯ ಸಾಮಾನು ಇಡುವ ಜಾಗ. ಯಾವತ್ತೂ ಬೀಗ ಕಾಣದ ಆ ಬಾಗಿಲಿಗೆ ಈಗ ಬೀಗ ಬಿದ್ದಿತ್ತು. ಕೇಳಿದರೆ ಯತೀಶ "ಇಲಿ ಕಾಟ, ಬೂಸಾ ಎಲ್ಲ ತಿಂದಾಕ್ತವೆ" ಅಂದ. ಬೀಗ ಹಾಕಿದರೆ ಇಲಿ ಬರುವುದಿಲ್ಲವೇ? ಬೂಸಾ ಮೂಟೆಗಳು ಆಗಲೇ ಜಗಲಿಗೆ ಬಂದು ಕೂತಿದ್ದವಲ್ಲ, ಮತ್ತೆ ಒಳಗೆ ಇಲಿ ಏನನ್ನು ತಿನ್ನುತ್ತದೆ?

ಆ ವಾರವೇ ಕೊಟ್ಟಿಗೆಯಲ್ಲಿ ಹಸು ಮಲಗುವ ರಬ್ಬರ್ ಮ್ಯಾಟು ಒಂದು ಕಾಣೆಯಾಯಿತು. ಎರಡು ಹಸುವಿಗೆ ಎರಡು ಹಾಸಿ, ಹರಿದ ಹಳೆಯದೊಂದನ್ನು ಗೋಡೆಗೆ ಒರಗಿಸಿದ್ದರು. ಆ ಹಳೆಯದು ಇರಲಿಲ್ಲ. ಅದನ್ನು ಯಾರು ಕದಿಯುತ್ತಾರೆ? ಹುಡುಕುತ್ತ ಹೋದಾಗ ತಿಪ್ಪೆಯ ಪಕ್ಕದಲ್ಲಿ ಬೆಂಕಿಪೊಟ್ಟಣದಷ್ಟಗಲದ ಒಂದು ರಬ್ಬರ್ ತುಂಡು ಸಿಕ್ಕಿತು. ನಾಲ್ಕೂ ಕಡೆ ಅಳತೆ ಮಾಡಿ ಕತ್ತರಿಸಿದ ಹಾಗಿತ್ತು.

ಗಂಡನ ಮುಂದೆ ಹಿಡಿದು ಕೇಳಿದರು. "ಇದೇನು?"

ಬೋರಯ್ಯನವರು ಬೀಡಿ ತೆಗೆದು ನೋಡಿ, "ರಬ್ಬರು" ಅಂದರು. ಮತ್ತೆ ಬೀಡಿ ಬಾಯಿಗಿಟ್ಟರು.

ದೀಪಿಕಳ ನಡಿಗೆಯೂ ಬದಲಾಗಿತ್ತು. ಮೆಟ್ಟಿಲು ಹತ್ತುವಾಗ ಬಲಗಾಲನ್ನು ಮೊದಲು ಊರಿ ಆಮೇಲೆ ಎಡಗಾಲು ತರುತ್ತಿದ್ದಳು. ಬೆಳಿಗ್ಗೆ ಅತ್ತೆ ಡೇರಿಗೆ ಹೊರಡುವ ತನಕ ರೂಮಿನಿಂದ ಹೊರಗೆ ಬರುತ್ತಿರಲಿಲ್ಲ. ಒಂದು ಶುಕ್ರವಾರ ಗೆಳತಿಯ ಮನೆಗೆ ಅಂತ ಹೇಳಿ ಹೋದವಳು ಮಂಡ್ಯದ ಆಸ್ಪತ್ರೆಯಿಂದ ಹೊರಗೆ ಬರುವುದನ್ನು ನಮ್ಮೂರಿನವರೇ ನೋಡಿದ್ದರು. ಯಶೋದಮ್ಮ ಕೇಳಿದಾಗ "ಗೆಳತಿಗೆ ಹುಷಾರಿರಲಿಲ್ಲ ಅತ್ತೆ" ಅಂದಳು. ಹೇಳುವಾಗ ನೆಲ ನೋಡುತ್ತಿದ್ದಳು. ಹೆಣ್ಣು ನೋಡಲು ಹೋದ ದಿನವೂ ತಗ್ಗದ ತಲೆ ಅದು.

ಮನೆಯಲ್ಲಿ ಮೂವರು ಒಂದಾಗಿದ್ದಾರೆ, ನಾನೊಬ್ಬಳೇ ಹೊರಗೆ ಉಳಿದಿದ್ದೇನೆ ಅನ್ನುವುದು ಅವರಿಗೆ ಖಾತ್ರಿಯಾಯಿತು. ಇದನ್ನೆಲ್ಲ ಯಶೋದಮ್ಮ ಆಮೇಲೆ ನಮ್ಮ ಮನೆಯ ಜಗಲಿಯಲ್ಲಿ ಕೂತು ಹೇಳಿದ್ದು. "ಆಗ ನಿದ್ದೆ ಬತ್ತಿರ್ನಿಲ್ಲ ಕಣಪ್ಪ. ಅನ್ನ ಸೇರ್ತಿರ್ನಿಲ್ಲ" ಅಂದರು.

ಒಂದು ಬೆಳಿಗ್ಗೆ ಮಗ ಕೆಲಸಕ್ಕೆ, ಸೊಸೆ ಮಳವಳ್ಳಿಗೆ ಹೋದ ಮೇಲೆ ಅವರು ಶೆಡ್ಡಿನ ಹಿಂಭಾಗಕ್ಕೆ ಹೋದರು. ಶೀಟಿನಲ್ಲಿ ಮೊಳೆ ಕಿತ್ತು ಹೋದ ಒಂದು ತೂತಿತ್ತು. ಕಣ್ಣಿಟ್ಟು ನೋಡಿದರೆ ಒಳಗೆ ಗೋಡೆಗೆ ಒರಗಿಸಿದ ಅಗಲವಾದ ಹಲಗೆಗಳು, ಒಂದರ ಹಿಂದೆ ಒಂದು. ನಾಲ್ಕಡಿ ಉದ್ದ, ಎರಡಡಿ ಅಗಲ. ಹಿಂದುಗಡೆ ರೀಪರ್ ಪಟ್ಟಿ ಹೊಡೆದು ಗಟ್ಟಿ ಮಾಡಿದ್ದರು. ಏಳು ಎಣಿಸಿದರು. ಇನ್ನೂ ಇದ್ದವು, ಕತ್ತಲಲ್ಲಿ ಕಾಣಲಿಲ್ಲ.

ಮೊದಲು ಬಾಗಿಲು ಅಂದುಕೊಂಡರು. ಏಳು ಬಾಗಿಲು ಯಾವ ಮನೆಗೆ? ನಾಲ್ಕಡಿ ಬಾಗಿಲಲ್ಲಿ ಯಾರು ನುಗ್ಗುತ್ತಾರೆ? ಆಮೇಲೆ ಮನೆಯ ನಡುವೆ ನಿಲ್ಲಿಸುವ ಅಡ್ಡಗೋಡೆ ಇರಬೇಕು ಅನ್ನಿಸಿತು. ಮಗ ಸೊಸೆ ಬೇರೆ ಆಗುತ್ತಿದ್ದಾರೆ. ಒಲೆ ಬೇರೆ, ಬಾಗಿಲು ಬೇರೆ ಮಾಡುತ್ತಾರೆ. ಅದಕ್ಕೇ ಮೂವರ ಗುಸುಗುಸು. ಅದೂ ಸಾಲದು ಅಂತ ಮರ ಬರುತ್ತಿರುವುದು ಕಂಪನಿಯಿಂದಲೇ ಇರಬೇಕು.

ಶೆಡ್ಡಿನ ಹೊರಗೆ ಬಿದ್ದಿದ್ದ ಒಂದು ತುಂಡನ್ನು ಎತ್ತಿಕೊಂಡರು. ಗೇಣುದ್ದದ ಪೈನ್ ಮರ. ತುದಿಗೆ ಕೆಂಪು ಬಣ್ಣದ ಗೀಟು ಎಳೆದಿತ್ತು. ಕಂಪನಿಯ ಗುರುತು, ಅನುಮಾನವೇ ಇಲ್ಲ. ಇಪ್ಪತ್ತಾರು ವರ್ಷ ಊರವರ ಹಾಲಲ್ಲಿ ಕಳ್ಳತನ ಹಿಡಿದವಳ ಮನೆಯ ಹಿಂದೆಯೇ ಕದ್ದ ಮಾಲು ಕೂತಿದ್ದರೆ, ನಾಳೆ ಚಲುವಮ್ಮನ ಮುಖ ಹೇಗೆ ನೋಡುವುದು?

ನೇರವಾಗಿ ಮಗನನ್ನು ಕೇಳಬಹುದಿತ್ತು. ಕೇಳಲಿಲ್ಲ. "ಕೇಳಿದ್ರೆ ಸುಳ್ಳು ಯೋಳ್ತಾನೆ ಅಂತ ಭಯ ಆಯ್ತು. ಅಂವ ಸುಳ್ಳು ಯೋಳದ್ ನೋಡಕೆ ಆಗ್ತಿರ್ನಿಲ್ಲ ನಂಗೆ" ಅಂತ ನನಗೆ ಹೇಳಿದರು.

ಮಾರನೆಯ ದಿನ ಬೆಳಗಿನ ಹಾಲು ಮುಗಿಸಿ, ಸೀರೆ ಬದಲಿಸಿ ಬಸ್ಸು ಹತ್ತಿದರು. ಮದ್ದೂರು ದಾಟಿ ಗೆಜ್ಜಲಗೆರೆಯಲ್ಲಿ ಇಳಿದು, ಕಂಪನಿಯ ಗೇಟಿನ ಮುಂದೆ ನಿಂತರು. ಸೆಕ್ಯೂರಿಟಿಯವನು ವಯಸ್ಸಾದವನು, ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ.

"ಯಾರು ಬೇಕಿತ್ತಮ್ಮ?"

"ಯಾರೂ ಬ್ಯಾಡ. ಒಂದ್ ಮಾತು ಕೇಳ್ಬೇಕಿತ್ತು. ಇಲ್ಲಿ ಕೆಲ್ಸ ಮಾಡೋರು ಮರ ತಕ್ಕಂಡೋಗ್ತಾರಲ್ಲ, ಅದುಕ್ಕೆ ಚೀಟಿ ಗೀಟಿ ಕೊಡ್ತೀರಾ?"

ಅವನ ಮುಖ ಬಿಗಿಯಾಯಿತು. "ಯಾರು ತಗೊಂಡೋಗ್ತಾರೆ?"

"ನನ್ ಮಗ ಯತೀಸ ಅಂತ. ಪ್ಯಾಕಿಂಗು."

"ನೀವ್ಯಾಕೆ ಕೇಳ್ತಿದ್ದೀರಿ?"

"ತಾಯಿ ಅಲ್ವಾ, ತಿಳ್ಕಳಣ ಅಂತ."

ಸೆಕ್ಯೂರಿಟಿಯವನಿಗೆ ಯತೀಶ ದಿನವೂ ಮರ ಒಯ್ಯುವುದು ಗೊತ್ತಿತ್ತು. ಅವನ ಕಣ್ಣ ಮುಂದೆಯೇ ಹೋಗುತ್ತಿತ್ತು. ಆದರೆ ಹೆತ್ತ ತಾಯಿಯೇ ಬಂದು ವಿಚಾರಿಸುತ್ತಾಳೆ ಅಂದರೆ ಏನೋ ಇದೆ, ನಾಳೆ ತನ್ನ ತಲೆಗೆ ಬರುತ್ತದೆ ಎಂದು ಹೆದರಿದ. ಯಶೋದಮ್ಮ ಬಸ್ ಸ್ಟಾಪು ಮುಟ್ಟುವಷ್ಟರಲ್ಲಿ ಅವನು ಆಫೀಸಿನೊಳಗೆ ಹೋಗಿ ವಿಷಯ ಮುಟ್ಟಿಸಿದ್ದ.

ಅದರ ಮರುದಿನ ಬೆಳಿಗ್ಗೆ ಹನ್ನೊಂದು ಗಂಟೆಗೆ ಯತೀಶ ಮನೆಗೆ ಬಂದ. ಯಶೋದಮ್ಮ ಜಗಲಿಯಲ್ಲಿ ಅಲಸಂದೆಕಾಯಿ ಸುಲಿಯುತ್ತಿದ್ದರು. ಅವನು ಬೈಕು ನಿಲ್ಲಿಸಿ, ಹೆಲ್ಮೆಟ್ಟು ತೆಗೆಯದೆ ಅವರ ಮುಂದೆ ನಿಂತ.

"ಗೇಟ್ ತಾವ ಓಗಿದ್ದಾ?"

ಯಶೋದಮ್ಮ ಅಲಸಂದೆಕಾಯಿಯಿಂದ ಕಣ್ಣೆತ್ತಲಿಲ್ಲ. "ಓಗಿದ್ದೆ."

"ಮರ ಕದ್ದವ್ನೆ ಅಂದಾ?"

"ಅನ್ನಲಿಲ್ಲ. ಚೀಟಿ ಕೊಡ್ತಾರಾ ಅಂದೆ."

"ಎರಡೂ ಒಂದೇ ಕಣವ್ವ! ಇಚಾರಣೆ ಮುಗಿಯಗಂಟ ಕೆಲ್ಸುಕ್ಕೆ ಬರ್ಬ್ಯಾಡ ಅಂದವ್ರೆ. ಸೂಪರ್‌ವೈಜರ್ ಸಿವರಾಜು ಸಾರೇ ತಕ್ಕಂಡೋಗು ಅಂದಿದ್ದು. ಇವತ್ತು ಆಫೀಸ್‌ನಲ್ಲಿ ನಾನ್ ಅಂಗ್ ಅಂದೇ ಇಲ್ಲ ಅಂದ್ಬುಟ್ರು. ಎಲ್ಲಾರ್ ಮುಂದೆ."

"ಅಂಗಾದ್ರೆ ಶೆಡ್ಡಲ್ಲಿ ಏನ್ಲಾ ಮಾಡ್ತಿದ್ದೆ? ಬೇರೆ ಓಗಕೆ ತಾನೆ?"

ಯತೀಶನಿಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದ ಮೇಲೆ ಜೇಬಿನಿಂದ ಬೀಗದ ಕೈ ತೆಗೆದು ಅಲಸಂದೆಕಾಯಿ ಮೊರದೊಳಕ್ಕೆ ಎಸೆದು, ಒಳಗೆ ಹೋಗಿ ಮಲಗಿಬಿಟ್ಟ.

ಶೆಡ್ಡಿನ ಬಾಗಿಲು ತೆಗೆದು ತೋರಿಸಿದವಳು ದೀಪಿಕ. ಹದಿನೈದು ಹಲಗೆಗಳು. ಮೇಲೆ ಅಂಗಡಿಯಿಂದ ತಂದ ಹೊಸ ಪ್ಲೈವುಡ್ಡು, ಯತೀಶ ಉಪ್ಪುಕಾಗದದಲ್ಲಿ ಉಜ್ಜಿ ಉಜ್ಜಿ ಅಂಗೈಯಂತೆ ನಯ ಮಾಡಿದ್ದ. ಕೆಳಗೆ ಪೈನ್ ಪಟ್ಟಿ. ಪಟ್ಟಿಯ ಕೆಳಗೆ ಗೇಣಿಗೊಂದರಂತೆ ರಬ್ಬರ್ ತುಂಡು ಅಂಟಿಸಿದ್ದ. ಹಸುವಿನ ಮ್ಯಾಟು. ಪಕ್ಕಗಳಲ್ಲಿ ಟ್ರಂಕಿಗೆ ಹಾಕುವಂಥ ಕೊಂಡಿಗಳು. ದೀಪಿಕ ಎರಡು ಹಲಗೆ ನೆಲಕ್ಕೆ ಇಟ್ಟು ಪಕ್ಕಕ್ಕೆ ಪಕ್ಕ ಸೇರಿಸಿ ಕೊಂಡಿ ಹಾಕಿದಳು. ಎರಡೂ ಸೇರಿ ಒಂದೇ ಹಲಗೆಯಾಯಿತು.

"ಇದು ನೆಲ ಅತ್ತೆ. ಬಿಚ್ಚಿ ಗಾಡೀಲಿ ಹಾಕ್ಕೊಂಡು ಹೋಗೋ ನೆಲ."

"ನೆಲ ಇಲ್ವಾ ಮದ್ದೂರಲ್ಲಿ? ಮಳವಳ್ಳೀಲಿ ಇಲ್ವಾ?"

"ಇದೆ. ಎಲ್ಲಾ ಕಲ್ಲು. ಗ್ರಾನೈಟು." ಅವಳು ಸೀರೆ ಮೊಣಕಾಲಿನವರೆಗೆ ಎತ್ತಿ ಎಡಗಾಲಿನ ಮುಂದಿನ ಮೂಳೆಯ ಮೇಲೆ ಬೆರಳಿಟ್ಟಳು. "ಇಲ್ಲಿ ನೋವು. ಆರು ತಿಂಗಳಾಯ್ತು. ಕಲ್ಲಿನ ಮೇಲೆ ದಿನಾ ಕಾಲು ಬಡಿದೂ ಬಡಿದೂ ಮೂಳೆ ಬಿರುಕು ಬಿಡೋಕೆ ಶುರುವಾಗಿದೆ ಅಂದ್ರು ಮಂಡ್ಯದ ಡಾಕ್ಟ್ರು. ಒಂದೋ ಬಿಡಬೇಕು, ಇಲ್ಲಾ ಮರದ ನೆಲದ ಮೇಲೆ ಆಡಬೇಕು ಅಂದ್ರು. ಮೂರು ಊರಲ್ಲಿ ಮೂರು ನೆಲ ಯಾರು ಹಾಕಿಸಿಕೊಡ್ತಾರೆ? ಅದಕ್ಕೆ ಇವರು ಫೋನಲ್ಲಿ ನೋಡ್ಕೊಂಡು ಇದು ಮಾಡಿದ್ರು."

"ನಂಗ್ಯಾಕೆ ಯೋಳ್ನಿಲ್ಲ?"

ದೀಪಿಕ ಸೀರೆ ಇಳಿಬಿಟ್ಟಳು. "ಹೇಳಿದ್ರೆ ನೀವು ಬುಡು ಅತ್ಲಾಗೆ ಕುಣಿಯೋದು ಅಂತಿದ್ರಿ."

ಯಶೋದಮ್ಮ ಅನ್ನುತ್ತಿದ್ದರು, ಖಂಡಿತ ಅನ್ನುತ್ತಿದ್ದರು.

ಕೊಟ್ಟಿಗೆಯ ಬಾಗಿಲಲ್ಲಿ ಬೋರಯ್ಯನವರು ನಿಂತಿದ್ದರು. ಯಶೋದಮ್ಮ ಅವರ ಕಡೆ ತಿರುಗಿ, "ನಿಮ್ಗೂ ಗೊತ್ತಿತ್ತು" ಅಂದರು.

"ಮ್ಯಾಟು ಕುಯ್ದು ಕೊಟ್ಟಿದ್ದೇ ನಾನು" ಅಂದರು ಬೋರಯ್ಯನವರು.

ಅವತ್ತು ಸಂಜೆ ಯಶೋದಮ್ಮ ಡೇರಿಗೆ ಬೇರೆ ಯಾರನ್ನೋ ಕಳಿಸಿದರು. ಇಪ್ಪತ್ತಾರು ವರ್ಷದಲ್ಲಿ ಅವರು ಡೇರಿಗೆ ಬರದ ಸಂಜೆಗಳನ್ನು ಬೆರಳಲ್ಲಿ ಎಣಿಸಬಹುದು. ನಾವೆಲ್ಲ ಅವರಿಗೆ ಹುಷಾರಿಲ್ಲ ಅಂದುಕೊಂಡೆವು.

ಅವರು ಶೆಡ್ಡಿನಲ್ಲಿ ಕೂತಿದ್ದರು. ಹದಿನೈದು ಹಲಗೆಗಳನ್ನೂ ಒಂದೊಂದಾಗಿ ಮಗುಚಿ, ಬಲ್ಬಿನ ಬೆಳಕಿಗೆ ಹಿಡಿದು, ಒಂದೊಂದು ಪೈನ್ ಪಟ್ಟಿಯ ತುದಿಯನ್ನೂ ನೋಡುತ್ತಿದ್ದರು. ಮಗ ಹೇಳಿದ್ದನ್ನು ಕೇಳಿಯಾಗಿತ್ತು, ಗೀಟು ಹಾಕಿದ್ದು ಬೇಡವೆಂದು ತೆಗೆದುಹಾಕಿದ ಮರ ಅಂತ ಸೊಸೆ ಹೇಳಿದ್ದನ್ನೂ ಕೇಳಿಯಾಗಿತ್ತು. ಆದರೂ ಅವರಿಗೆ ತಮ್ಮ ಕಣ್ಣಿಂದ ನೋಡಬೇಕಿತ್ತು. ಪ್ರತಿಯೊಂದು ತುದಿಗೂ ಅದೇ ಕೆಂಪು ಗೀಟು. ಒಂದು ಪಟ್ಟಿಗೆ ಮಾತ್ರ ಇರಲಿಲ್ಲ. ಗಂಡನನ್ನು ಕೂಗಿ ಕರೆದರು.

"ಇದ್ರಲ್ಲಿ ಗೀಟಿಲ್ಲ. ಇದು ಎಲ್ಲಿಂದು?"

ಬೋರಯ್ಯನವರು ಬಗ್ಗಿ ನೋಡಿದರು. "ನಮ್ಮನೆ ಹಳೇ ಮಂಚದ್ದು ಕಣಮ್ಮಿ. ಮುರ್ದೋಗಿತ್ತಲ್ಲ."

ಮಾರನೆಯ ಬೆಳಿಗ್ಗೆ ಯಶೋದಮ್ಮ ಕೆಂಪು ಗೀಟಿನ ತುಂಡನ್ನು ಬಟ್ಟೆ ಚೀಲಕ್ಕೆ ಹಾಕಿಕೊಂಡು ಮತ್ತೆ ಗೆಜ್ಜಲಗೆರೆಯ ಬಸ್ಸು ಹತ್ತಿದರು. ಯಾರೂ ಹೋಗು ಅನ್ನಲಿಲ್ಲ. ಯಾರಿಗೂ ಹೇಳಲೂ ಇಲ್ಲ. ಗೇಟಿನಲ್ಲಿ ಅದೇ ಸೆಕ್ಯೂರಿಟಿಯವನು ಅವರನ್ನು ಕಂಡು ಕುರ್ಚಿಯಿಂದಲೇ ಎದ್ದುಬಿಟ್ಟ. ಮ್ಯಾನೇಜರನ್ನು ನೋಡದೆ ಹೋಗುವುದಿಲ್ಲ ಎಂದು ನೆರಳಲ್ಲಿ ಕೂತರು. ಒಂದೂವರೆ ಗಂಟೆಯ ಮೇಲೆ ಒಳಗೆ ಕರೆದರು.

ಮ್ಯಾನೇಜರು ಇನ್ನೂ ಚಿಕ್ಕ ವಯಸ್ಸಿನವರು. ಮೇಜಿನ ಪಕ್ಕದಲ್ಲಿ ಸೂಪರ್‌ವೈಸರ್ ಶಿವರಾಜು ಕೈ ಕಟ್ಟಿ ನಿಂತಿದ್ದ.

"ನಿಮ್ಮ ಮಗ ಕದ್ದ ಅಂತ ನೀವೇ ಬಂದು ಹೇಳಿದ್ರಂತಲ್ಲಮ್ಮ?" ಅಂದರು ಮ್ಯಾನೇಜರು.

"ಕದ್ದ ಅನ್ನಲಿಲ್ಲ ಸ್ವಾಮಿ. ಕದ್ದವ್ನೆ ಅಂತ ಗೊತ್ತಾಗಿದ್ರೆ ನಾನೇ ಕೈ ಹಿಡ್ಕಂಡು ಕರ್ಕಂಡ್ ಬತ್ತಿದ್ದೆ. ಅನುಮಾನ ಬಂತು, ಕೇಳ್ದೆ. ಅದು ನನ್ ತಪ್ಪು." ಚೀಲದಿಂದ ತುಂಡು ತೆಗೆದು ಮೇಜಿನ ಮೇಲಿಟ್ಟರು. "ಈ ಕೆಂಪು ಗೀಟು ಯಾವ ಮರಕ್ಕೆ ಆಕದು?"

"ಗಂಟು, ಬಿರುಕು ಇರೋದಕ್ಕೆ. ಪೆಟ್ಟಿಗೆಗೆ ಬಾರದ ಮರಕ್ಕೆ."

"ಯಾರು ಆಕದು?"

ಮ್ಯಾನೇಜರು ಶಿವರಾಜುವಿನ ಕಡೆ ನೋಡಿದರು. "ನಾನೇ ಹಾಕೋದು" ಅಂದ ಅವನು.

"ನಮ್ಮನೆ ಶೆಡ್ಡಲ್ಲಿ ಇರ ನಿಮ್ ಮರುಕ್ಕೆಲ್ಲ ಈ ಗೀಟು ಐತೆ. ರಾತ್ರಿಯೆಲ್ಲ ಕೂತು ನೋಡಿವ್ನಿ. ಒಂದೂ ಒಳ್ಳೆ ಮರ ಇಲ್ಲ. ನಂಬ್ಕೆ ಇಲ್ದಿದ್ರೆ ನೀವೇ ಬಂದು ನೋಡಿ. ಈಗ ಯೋಳಪ್ಪ ಸಿವರಾಜು, ಗೀಟು ಆಕಿದ್ಮೇಲೆ ಆ ಮರ ಎಲ್ಲಿಗೆ ಓಯ್ತದೆ?"

"ಸೌದೆಗೆ."

"ಯಾರ ಮನೆ ಸೌದೆಗೆ?"

ಶಿವರಾಜು ಕೆಮ್ಮಿದ. "ಕೇಳಿದೋರಿಗೆ."

"ಬಾಯಲ್ಲಿ ಕೊಡ್ತೀಯೋ, ಚೀಟೀಲಿ ಕೊಡ್ತೀಯೋ?"

ಆ ಧ್ವನಿ ನನಗೆ ಗೊತ್ತು. ನಮ್ಮ ಅಮ್ಮನ ಹಾಲಿಗೆ "ನೀರು ಬಾವೀದೋ, ನಲ್ಲೀದೋ" ಅಂತ ಕೇಳಿದ ಧ್ವನಿ. ಅದರ ಮುಂದೆ ಹೆಚ್ಚು ಹೊತ್ತು ನಿಲ್ಲಲು ಆಗುವುದಿಲ್ಲ. "ಬಾಯಲ್ಲೇ ಕೊಡೋದು" ಅಂದ ಶಿವರಾಜು. ಮ್ಯಾನೇಜರು ಅವನನ್ನೇ ನೋಡುತ್ತಿದ್ದುದರಿಂದ ಸೇರಿಸಿದ: "ಯತೀಶನಿಗೂ ನಾನೇ ತಗೊಂಡ್ಹೋಗು ಅಂದಿದ್ದೆ ಸಾರ್. ನಿನ್ನೆ ನೀವು ಜೋರು ಮಾಡಿದ್ರಲ್ಲ, ಹೆದರ್ಕೊಂಡೆ."

ಯತೀಶ ಸೋಮವಾರದಿಂದ ಕೆಲಸಕ್ಕೆ ಹೋದ. ಆದರೆ ಎಲ್ಲ ಮೊದಲಿನ ಹಾಗೆ ಆಯಿತು ಅಂತ ಹೇಳಿದರೆ ಸುಳ್ಳಾಗುತ್ತದೆ. ಅವತ್ತಿನಿಂದ ಕಂಪನಿಯಲ್ಲಿ ಒಂದು ಕಡ್ಡಿ ಮರವೂ ಚೀಟಿ ಇಲ್ಲದೆ ಹೊರಗೆ ಹೋಗಬಾರದು ಅಂತ ಆಯಿತು. ಆ ಚೀಟಿಯನ್ನು ಬರೆದುಕೊಡುವವರೇ ಇರಲಿಲ್ಲ. ಸೌದೆಗೆ ಮರ ಒಯ್ಯುತ್ತಿದ್ದ ಹತ್ತಾರು ಜನ ಯತೀಶನ ಜೊತೆ ಊಟಕ್ಕೆ ಕೂರುವುದನ್ನು ಬಿಟ್ಟರು. "ನಿಮ್ಮವ್ವನ್ನ ಕರ್ಕಂಡ್ ಬಾ, ನಮ್ ಊಟದ ಡಬ್ಬೀನೂ ಪರೀಕ್ಷೆ ಮಾಡ್ಲಿ" ಅಂತ ಒಬ್ಬ ಅಂದನಂತೆ. ನೆಲವೂ ಹನ್ನೆರಡಡಿಗೆ ಹನ್ನೆರಡಡಿ ಆಗಬೇಕಿತ್ತು, ಅದಕ್ಕೆ ಹದಿನೆಂಟು ಹಲಗೆ ಬೇಕಿತ್ತು. ಹದಿನೈದಕ್ಕೇ ನಿಂತಿತು.

ಯತೀಶ ತಾಯಿಯ ಜೊತೆ ಮಾತು ಬಿಟ್ಟ. ಒಂದು ತಿಂಗಳಿಗೂ ಮೇಲಾಯಿತು. ಜಗಳವಿಲ್ಲ, ಕೂಗಾಟವಿಲ್ಲ. ತಟ್ಟೆ ಮುಂದಿಟ್ಟರೆ ತಿನ್ನುತ್ತಿದ್ದ. ಕೇಳಿದ್ದಕ್ಕೆ ದೀಪಿಕಳ ಕಡೆ ನೋಡಿ ಉತ್ತರ ಹೇಳುತ್ತಿದ್ದ. ಯಶೋದಮ್ಮ ಆಗಲೇ ನಮ್ಮ ಜಗಲಿಗೆ ಬಂದು ಕೂರಲು ಶುರು ಮಾಡಿದ್ದು. ನನ್ನದು ತಪ್ಪು ಅಂತ ಮ್ಯಾನೇಜರ ಮುಂದೆ ಹೇಳಿದವರು ಅದನ್ನೇ ಮಗನ ಮುಂದೆ ಹೇಳಲು ಆಗುತ್ತಿಲ್ಲ ಅಂದರು. "ಯೋಳಿದ್ರೆ ನಂಬ್ತಾನೋ ಇಲ್ವೋ" ಅಂತ ಅದಕ್ಕೂ ಒಂದು ಅನುಮಾನ.

ನೆಲವನ್ನು ಮೊದಲ ಸಲ ಹಾಸಿದ್ದು ಬೆಳಕವಾಡಿಯಲ್ಲಿ, ಒಂದು ಭಾನುವಾರ. ಗೂಡ್ಸ್ ಆಟೋ ಬಂದು ಬಾಗಿಲಲ್ಲಿ ನಿಂತಿತು. ಬೋರಯ್ಯನವರು, ಯತೀಶ, ನಾನು ಸೇರಿ ಹಲಗೆ ಏರಿಸಿದೆವು. ಹಲಗೆಗಳ ನಡುವೆ ಗೋಣಿಚೀಲ ಇಟ್ಟು ಹಗ್ಗ ಬಿಗಿಯುವಷ್ಟರಲ್ಲಿ ಯಶೋದಮ್ಮ ಸೀರೆ ಬದಲಿಸಿ, ಡ್ರೈವರ್ ಪಕ್ಕದ ಸೀಟಿನಲ್ಲಿ ಕೂತಿದ್ದರು. ಯಾರೂ ಬನ್ನಿ ಅನ್ನಲಿಲ್ಲ, ಇಳಿಯಿರಿ ಅಂತಲೂ ಅನ್ನಲಿಲ್ಲ. ನಾನು ಯತೀಶನ ಬೈಕಿನ ಹಿಂದೆ ಕೂತು ಹೊರಟೆ. ದಾರಿಯುದ್ದಕ್ಕೂ ಅವರು ಹಿಂದಿನ ಕಿಟಕಿಯಿಂದ ಹಗ್ಗ ಸಡಿಲವಾಯಿತೇ ಅಂತ ನೋಡುತ್ತಿದ್ದರಂತೆ. ಡ್ರೈವರ್ ಎರಡು ಸಲ ಇಳಿದು ಬಿಗಿದು ತೋರಿಸಬೇಕಾಯಿತು.

ಪಾಠ ನಡೆಯುತ್ತಿದ್ದದ್ದು ಊರಿನ ಸಮುದಾಯ ಭವನದಲ್ಲಿ. ಕಲ್ಲಿನ ನೆಲ ಗುಡಿಸಿ, ಯತೀಶ ಮೂಲೆಯಿಂದ ಹಲಗೆ ಜೋಡಿಸುತ್ತ ಬಂದ. ಮಕ್ಕಳ ತಾಯಂದಿರು ಗೋಡೆಗೆ ಒರಗಿ ನೋಡುತ್ತಿದ್ದರು. ಹದಿನೈದೂ ಸೇರಿ ಹತ್ತಡಿಗೆ ಹನ್ನೆರಡಡಿಯ ನೆಲವಾಯಿತು. ದೀಪಿಕ ಗೆಜ್ಜೆ ಕಟ್ಟಿಕೊಳ್ಳಲು ಕೂತಳು.

"ಇರವ್ವ" ಅಂದರು ಯಶೋದಮ್ಮ. ಚಪ್ಪಲಿ ಬಿಟ್ಟು ಹಲಗೆಗಳ ಮೇಲೆ ಹತ್ತಿದರು. ಒಂದು ತುದಿಯಿಂದ ಇನ್ನೊಂದು ತುದಿಗೆ ಹಿಮ್ಮಡಿ ಊರಿ ಊರಿ ನಡೆದರು. ಪ್ರತಿ ಹಲಗೆಯ ಮೇಲೂ ನಿಂತು ಮೈಭಾರವನ್ನು ಆ ಕಾಲಿಗೊಮ್ಮೆ ಈ ಕಾಲಿಗೊಮ್ಮೆ ಬಿಟ್ಟರು. ತಾಯಂದಿರಲ್ಲಿ ಯಾರೋ ನಕ್ಕರು. ಅವರು ಲೆಕ್ಕಿಸಲಿಲ್ಲ. ಒಂದು ಕಡೆ ನಿಂತು ಮತ್ತೆ ಹಿಂದಕ್ಕೆ ಬಂದು ಕಾಲೂರಿ ಕಿವಿ ಕೊಟ್ಟರು.

"ಇದು ಟಕ್ ಅಂತದೆ."

ಯತೀಶ ತಲೆ ಎತ್ತಿದ. "ಯಾವ್ದು?"

ಎಷ್ಟೋ ವಾರದ ಮೇಲೆ ತಾಯಿಯ ಮುಖ ನೋಡಿ ಆಡಿದ ಮಾತು ಅದು. ಯಶೋದಮ್ಮ ಬೆರಳು ತೋರಿಸಿ, "ಬಲಗಡೆಯಿಂದ ಮ್ಯಾಕೆ ಎರಡ್ನೇದು. ಕೆಳಗಡೆ ಕಲ್ಲು ತಗ್ಗೈತೆ, ಇಲ್ಲಾಂದ್ರೆ ರಬ್ರು ಬುಟ್ಕಂಡೈತೆ" ಅಂದರು.

ಅವನು ಹಲಗೆ ಎತ್ತಿ ನೋಡಿದ. ರಬ್ಬರ್ ತುಂಡೊಂದು ಕಿತ್ತು ಹೋಗಿತ್ತು. ಜೇಬಿನಿಂದ ಇನ್ನೊಂದು ತುಂಡು ತೆಗೆದು ಅಂಟಿಸಿ, ಹಲಗೆ ಕೂರಿಸಿ, "ಈಗ ನೋಡು" ಅಂದ. ಯಶೋದಮ್ಮ ಮತ್ತೆ ನಿಂತು ನೋಡಿದರು. ಸದ್ದು ಬರಲಿಲ್ಲ.

ಆಮೇಲೆ ಅವರು ಇಳಿದು ಗೋಡೆ ಪಕ್ಕದಲ್ಲಿ ಕೂತರು. ದೀಪಿಕ ಮಕ್ಕಳನ್ನು ಎರಡು ಸಾಲು ನಿಲ್ಲಿಸಿ, ತಾನು ಮುಂದೆ ನಿಂತು ಮೊಣಕಾಲು ಬಾಗಿಸಿ ಮೊದಲ ಪಾಠದ ತಟ್ಟಡವು ತೋರಿಸಿದಳು. ಎಡಗಾಲು, ಬಲಗಾಲು, ಎಡಗಾಲು. ಕಲ್ಲಿನ ಮೇಲೆ ಚಟ್ ಚಟ್ ಅನ್ನುವ ಸದ್ದಿನ ಬದಲು ಒಳಗಿನಿಂದ ಬರುವ ತುಂಬಿದ ಸದ್ದು ಬಂತು. ಬಡಿದ ಕಾಲನ್ನು ಹಲಗೆ ತುಸುವೇ ಎತ್ತಿ ಮೇಲಕ್ಕೆ ಕಳಿಸುವ ಹಾಗೆ ಕಾಣುತ್ತಿತ್ತು. ಯಶೋದಮ್ಮ ಕಾಲು ಬಿಟ್ಟು ಬೇರೇನನ್ನೂ ನೋಡಲಿಲ್ಲ. ಸೊಸೆ ಕುಣಿಯುವುದನ್ನು ಅವರು ನೋಡಿದ್ದು ಅದೇ ಮೊದಲು.

ಪಾಠ ಮುಗಿದು ಮಕ್ಕಳು ಹೋದ ಮೇಲೆ ದೀಪಿಕ ಪಕ್ಕಕ್ಕೆ ಬಂದು ಕೂತು ಗೆಜ್ಜೆ ಬಿಚ್ಚತೊಡಗಿದಳು. ಯಶೋದಮ್ಮ ಅವಳ ಎಡಗಾಲನ್ನೇ ನೋಡುತ್ತ ಕೇಳಿದರು:

"ನೋವೈತಾ?"

"ಇಲ್ಲ ಅತ್ತೆ."

"ನಿಜ ಯೋಳು."

ದೀಪಿಕ ಗೆಜ್ಜೆಯ ಮೇಲಿದ್ದ ಕೈ ನಿಲ್ಲಿಸಿ, ಅತ್ತೆಯ ಮುಖ ನೋಡಿದಳು. "ಸ್ವಲ್ಪ ಇದೆ" ಅಂದಳು. "ಮೊದಲಿನಷ್ಟು ಇಲ್ಲ."

"ಕಾಲು ಚಾಚು ಇತ್ತ" ಅಂದು ಯಶೋದಮ್ಮ ಆ ಕಾಲನ್ನು ತಮ್ಮ ತೊಡೆಯ ಮೇಲೆ ಎಳೆದುಕೊಂಡರು. ಅತ್ತ ಯತೀಶ ಕೊಂಡಿ ಬಿಚ್ಚಿ ಹಲಗೆಗಳನ್ನು ಒಂದೊಂದಾಗಿ ಬಾಗಿಲ ಕಡೆ ಒಯ್ಯುತ್ತಿದ್ದ.